ಫೋಕಸ್ ಕೂರುತ್ತಿಲ್ಲವೇ? ಹೊಸ ಕ್ಯಾಮೆರಾಕ್ಕೆ ಮುಂಗಡ ಕೊಡುವ ಮುನ್ನ

ಮದುವೆ ಸೀಸನ್ ಮುಗಿಯುತ್ತಿದ್ದಂತೆ ಅರಸೀಕೆರೆ, ಜಾವಗಲ್, ಬೇಲೂರು ಕಡೆಯ ಸ್ಟುಡಿಯೊಗಳಲ್ಲಿ ಒಂದು ಮಾತು ಎದ್ದೇ ಏಳುತ್ತದೆ: ‘ಕ್ಯಾಮೆರಾ ಫೋಕಸ್ ಹಿಡೀತಿಲ್ಲ, ಮಿರರ್‌ಲೆಸ್‌ಗೆ ಹೋಗಿಬಿಡೋಣ.’ ದೇವಸ್ಥಾನ, ಜಾತ್ರೆ, ಹಕ್ಕಿ ಎಂದು ಹವ್ಯಾಸಕ್ಕೆ ಕ್ಯಾಮೆರಾ ಹಿಡಿದವರದೂ ಇದೇ ರಾಗ. ಐದಾರು ವರ್ಷದ ಹಿಂದಿನ ಡಿಎಸ್‌ಎಲ್‌ಆರ್ ಪಕ್ಕಕ್ಕಿಟ್ಟು ಲಕ್ಷದ ಮೇಲಿನ ಹೊಸ ಬಾಡಿಗೆ ಕಂತು ಕಟ್ಟಲು ಹೊರಡುವವರಲ್ಲಿ ಬಹಳಷ್ಟು ಮಂದಿಗೆ ಅದರ ಅಗತ್ಯವಿರುವುದಿಲ್ಲ. ದೋಷ ಕೈಯಲ್ಲಿದೆಯೋ, ಸೆಟ್ಟಿಂಗಿನಲ್ಲೋ, ಲೆನ್ಸಿನಲ್ಲೋ, ಬಾಡಿಯಲ್ಲೋ ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕು. ಅದಕ್ಕೆ ಒಂದು ಬೆಳಗಿನ ಬಿಡುವು ಸಾಕು.

ಮೊದಲಿಗೆ, ಅದು ಫೋಕಸ್ ದೋಷವೇ ಹೌದೇ?

ಕೆಟ್ಟುಹೋದ ಫೋಟೊವನ್ನು ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ. ಮದುಮಗಳ ಕಣ್ಣು ಮಸುಕಾಗಿ, ಹಿಂದಿನ ಮಂಟಪದ ಹೂವು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಚಿತ್ರದಲ್ಲಿ ಯಾವುದೂ ಸ್ಪಷ್ಟವಿಲ್ಲದೆ, ದೀಪದ ಚುಕ್ಕೆಗಳು ಗೀರಿನಂತೆ ಎಳೆದುಕೊಂಡಿದ್ದರೆ ಕೈ ಅಲುಗಿದೆ. ಅದಕ್ಕೆ ಯಾವ ಹೊಸ ಕ್ಯಾಮೆರಾದ ಫೋಕಸ್ಸೂ ಮದ್ದಲ್ಲ. ಸಣ್ಣ ಸೆನ್ಸರಿನ ಬಾಡಿಗೆ 50 ಎಂಎಂ ಲೆನ್ಸ್ ಹಾಕಿದ್ದರೆ ಶಟರ್ ವೇಗ ಸೆಕೆಂಡಿನ 80ನೇ ಒಂದು ಭಾಗಕ್ಕಿಂತ ಕೆಳಗಿಳಿಯದಿರಲಿ. ಜನ ಓಡಾಡುವ ಕಡೆ 200ರ ಮೇಲಿರಲಿ. ಐಎಸ್‌ಒ ಏರಿಸಲು ಹೆದರಬೇಡಿ. ಕಾಳುಕಾಳಾದ ಫೋಟೊವನ್ನು ಆಲ್ಬಮ್ಮಿನಲ್ಲಿ ಹೇಗೋ ನಡೆಸಬಹುದು, ಶೇಕ್ ಆದದ್ದನ್ನು ನಡೆಸಲಾಗದು.

ಇನ್ನೊಂದು ಸಂಗತಿ, ಲೆನ್ಸ್ ಪೂರ್ತಿ ತೆರೆದಾಗ ಸ್ಪಷ್ಟವಾಗಿ ಕಾಣುವ ಪಟ್ಟಿಯೇ ಬಹಳ ತೆಳು. ಅದೇ 50 ಎಂಎಂ ಲೆನ್ಸನ್ನು ಎಫ್1.8ಕ್ಕಿಟ್ಟು ಒಂದೂವರೆ ಮೀಟರ್ ದೂರದಿಂದ ಮುಖ ತೆಗೆದರೆ ಹಿಂದೆ ಮುಂದೆ ಸೇರಿ ಸಿಗುವುದು ಸುಮಾರು 6 ಸೆಂಟಿಮೀಟರ್. ಹತ್ತಿರದ ಕಣ್ಣು ಸಿಕ್ಕರೆ ಕಿವಿಯೋಲೆ ಕೈಬಿಟ್ಟಿತು. ಎಫ್4ಕ್ಕೆ ಬಂದರೆ ಇದು ಇಮ್ಮಡಿಗಿಂತ ಹೆಚ್ಚಾಗುತ್ತದೆ. ಅರ್ಧಕ್ಕರ್ಧ ದೂರು ಇಲ್ಲಿಗೇ ಮುಗಿದುಬಿಡುತ್ತದೆ.

ಎರಡನೆಯದು, ಬಟನ್ನುಗಳ ತಪಾಸಣೆ

ಲೆನ್ಸ್ ಪಕ್ಕದ ಎಎಫ್-ಎಂಎಫ್ ಸ್ವಿಚ್ ಚೀಲದೊಳಗೆ ಉಜ್ಜಿಕೊಂಡು ಜಾರಿರುವುದು ತೀರಾ ಸಾಮಾನ್ಯ. ದೊಡ್ಡ ಟೆಲಿ ಲೆನ್ಸಿನಲ್ಲಿ ಫೋಕಸ್ ಲಿಮಿಟರ್ ಇದ್ದರೆ ಅದನ್ನೂ ನೋಡಿ. ದೂರದ ವ್ಯಾಪ್ತಿಗೆ ಕಟ್ಟಿಹಾಕಿದ್ದರೆ ಹತ್ತಿರದ್ದು ಎಂದಿಗೂ ಸಿಗದು. ಕಣ್ಣಿಡುವ ಕಿಂಡಿಯ ಪಕ್ಕದ ಡಯಾಪ್ಟರ್ ಚಕ್ರ ತಿರುಗಿಹೋಗಿದ್ದರೆ ಫೋಕಸ್ ಸರಿಯಿದ್ದರೂ ನಿಮಗೆ ಮಸುಕಾಗಿಯೇ ಕಾಣುತ್ತದೆ. ಅಗ್ಗದ ಯುವಿ ಫಿಲ್ಟರ್ ಬಿಚ್ಚಿಡಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ.

ಬಳಿಕ ಫೋಕಸ್ ಮೋಡ್. ನಿಂತವರಿಗೆ ಕ್ಯಾನನ್ನಿನಲ್ಲಿ ಒನ್ ಶಾಟ್, ನಿಕಾನಿನಲ್ಲಿ ಎಎಫ್-ಎಸ್. ಓಡುವವರಿಗೆ ಎಐ ಸರ್ವೊ ಅಥವಾ ಎಎಫ್-ಸಿ. ಬೌಲರ್ ಶ್ರೀನಾಥ್ ಹೆಸರಿನಿಂದ ಜಗತ್ತಿಗೆ ಗೊತ್ತಾದ ಊರು ಜಾವಗಲ್. ಟೆನಿಸ್ ಬಾಲ್ ಟೂರ್ನಿಯಲ್ಲಿ ಓಡಿಬರುವ ಬೌಲರನ್ನು ಒನ್ ಶಾಟ್‌ನಲ್ಲಿ ಹಿಡಿಯಲು ಹೋದರೆ ಕ್ಯಾಮೆರಾ ಅವನನ್ನು ಎರಡು ಹೆಜ್ಜೆ ಹಿಂದೆಯೇ ಬಿಟ್ಟಿರುತ್ತದೆ. ಫೋಕಸ್ ಬಿಂದುವಿನ ಆಯ್ಕೆಯನ್ನು ಕ್ಯಾಮೆರಾಕ್ಕೆ ಒಪ್ಪಿಸಲೂಬೇಡಿ. ಧಾರೆಯ ಹೊತ್ತಿಗೆ ಅಕ್ಷತೆ ಹಾರುತ್ತಿರುತ್ತದೆ, ಹೋಮದ ಹೊಗೆ ಅಡ್ಡ ಬರುತ್ತದೆ. ತಾನೇ ಬಿಂದು ಆರಿಸುವ ಕ್ಯಾಮೆರಾ ಹತ್ತಿರವಿದ್ದದ್ದನ್ನೇ ಹಿಡಿಯುವುದು ಹೆಚ್ಚು. ಒಂದೇ ಬಿಂದು ಇಟ್ಟುಕೊಂಡು ಅದನ್ನು ಮುಖದ ಮೇಲೆ ಕೂರಿಸಿ.

ಮೂರನೆಯದು, ಗೋಡೆಯೇ ಪರೀಕ್ಷಾ ಫಲಕ

ಇದಕ್ಕೆಂದೇ ಮಾರುವ ಚಾರ್ಟುಗಳಿವೆ. ಗೋಡೆಗೆ ಅಂಟಿಸಿದ ಪತ್ರಿಕೆಯ ಹಾಳೆ, ಮೇಜಿನ ಮೇಲೆ ಓರೆಯಾಗಿಟ್ಟ ಸ್ಕೇಲು ಇದ್ದರೂ ನಡೆಯುತ್ತದೆ. ಆದರೆ ಜಾವಗಲ್ಲಿನವರಿಗೆ ಇನ್ನೂ ಒಳ್ಳೆಯದು ಊರೊಳಗೇ ಇದೆ. ಲಕ್ಷ್ಮೀನರಸಿಂಹ ದೇವಸ್ಥಾನ 13ನೇ ಶತಮಾನದ ಹೊಯ್ಸಳ ಕಟ್ಟಡ, ಮೂರು ಗರ್ಭಗುಡಿಯ ತ್ರಿಕೂಟ. ಹೊರಗೋಡೆ ಮುಂದೆ ಬಂದು ಹಿಂದೆ ಸರಿಯುತ್ತ ಸಾಗುತ್ತದೆ, ಉದ್ದಕ್ಕೂ ವಿಗ್ರಹಗಳ ಸಾಲು. ಬಳಪದ ಕಲ್ಲಿನಲ್ಲಿ ಕಡೆದ ಹಾರ, ಕಿರೀಟ, ಬೆರಳುಗಳ ಅಂಚು ಬೆಳಗಿನ ಓರೆಬಿಸಿಲಿಗೆ ಗರಿಗರಿಯಾಗಿ ಎದ್ದು ಕಾಣುತ್ತದೆ. ಫೋಕಸ್ ಸೆನ್ಸರಿಗೆ ಬೇಕಿರುವುದು ಇಂಥ ಬೆಳಕು-ನೆರಳಿನ ಗೆರೆಯೇ.

ಗೋಡೆಗೆ ಓರೆಯಾಗಿ ನಿಲ್ಲಿ, ವಿಗ್ರಹಗಳು ಒಂದರ ಹಿಂದೊಂದು ದೂರ ಸರಿಯುವಂತೆ. ಲೆನ್ಸನ್ನು ಪೂರ್ತಿ ತೆರೆಯಿರಿ. ನಡುವಿನ ಬಿಂದುವಿನಿಂದ ಒಂದೇ ವಿಗ್ರಹದ ಮುಖಕ್ಕೆ ಫೋಕಸ್ ಮಾಡಿ ಹತ್ತು ಚಿತ್ರ ತೆಗೆಯಿರಿ. ಪ್ರತಿ ಸಲವೂ ಫೋಕಸ್ಸನ್ನು ಬೇಕೆಂದೇ ಕೆಡಿಸಿ ಮತ್ತೆ ಹಿಡಿಸಬೇಕು. ಆಮೇಲೆ ಲೈವ್ ವ್ಯೂ ಹಾಕಿ, ಹಿಂದಿನ ಪರದೆ ನೋಡುತ್ತ ಮತ್ತೆ ಹತ್ತು. ಎರಡೂ ಗುಂಪನ್ನು ಮನೆಯಲ್ಲಿ ಹಿಗ್ಗಿಸಿ ಹೋಲಿಸಿ.

ಲೈವ್ ವ್ಯೂನವು ಚೊಕ್ಕಟವಾಗಿದ್ದು, ಕಿಂಡಿಯಿಂದ ತೆಗೆದವೆಲ್ಲ ಒಂದೇ ದಿಕ್ಕಿಗೆ, ಅಂದರೆ ಸದಾ ಮುಂದಿನ ಅಥವಾ ಸದಾ ಹಿಂದಿನ ವಿಗ್ರಹಕ್ಕೆ ಜಾರಿದ್ದರೆ ಅದು ಹೊಂದಾಣಿಕೆಯ ದೋಷ. ಡಿಎಸ್‌ಎಲ್‌ಆರ್‌ನಲ್ಲಿ ಬೆಳಕಿನ ಒಂದು ಪಾಲು ಮುಖ್ಯ ಕನ್ನಡಿಯನ್ನು ದಾಟಿ, ಹಿಂದಿನ ಪುಟ್ಟ ಕನ್ನಡಿಗೆ ಬಡಿದು, ತಳದಲ್ಲಿರುವ ಪ್ರತ್ಯೇಕ ಫೋಕಸ್ ಸೆನ್ಸರಿಗೆ ಹೋಗುತ್ತದೆ. ಚಿತ್ರ ಮೂಡುವುದು ಇನ್ನೊಂದು ಸೆನ್ಸರಿನ ಮೇಲೆ. ಎರಡು ದಾರಿಯ ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ ಫೋಕಸ್ ಜಾರುತ್ತದೆ. ಎರಡು ಗುಂಪೂ ಮಸುಕಾಗಿದ್ದರೆ ಲೆನ್ಸಿನ ಗಾಜನ್ನೇ ಅನುಮಾನಿಸಿ. ತಪ್ಪು ಒಮ್ಮೆ ಮುಂದೆ, ಒಮ್ಮೆ ಹಿಂದೆ ಎಂದು ಅಂಕೆಯಿಲ್ಲದೆ ಬೀಳುತ್ತಿದ್ದರೆ ಲೆನ್ಸಿನ ಮೋಟಾರು ಸವೆದಿರಬಹುದು, ಇಲ್ಲವೇ ಫೋಕಸ್ ಸೆನ್ಸರಿಗೆ ದೂಳು ಕೂತಿರಬಹುದು. ಗೆಳೆಯರ ಲೆನ್ಸ್ ಹಾಕಿ ಒಮ್ಮೆ ನೋಡಿ: ದೋಷ ಮಾಯವಾದರೆ ನಿಮ್ಮ ಲೆನ್ಸು, ಉಳಿದರೆ ಬಾಡಿ.

ನವರಂಗದ ಕಂಬಗಳ ತಕರಾರು

ದೇವಸ್ಥಾನದ ಒಳಗೆ ಹೋದರೆ ಒಳ್ಳೆಯ ಕ್ಯಾಮೆರಾವೂ ತಡಕಾಡುತ್ತದೆ. ಬೇಲೂರು, ಹಳೇಬೀಡಿನಲ್ಲೂ ಇದೇ ಕಥೆ. ಕಡೆತದ ಕಂಬಗಳು ಕಪ್ಪಗೆ ಹೊಳೆಯುತ್ತವೆ, ಮೈಮೇಲಿರುವುದು ಬರೀ ಅಡ್ಡ ಬಳೆಗಳು. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿ, ಉದಾಹರಣೆಗೆ 9 ಬಿಂದುಗಳ ಕ್ಯಾನನ್ 1500ಡಿ, 11 ಬಿಂದುಗಳ ನಿಕಾನ್ ಡಿ3500ರಲ್ಲಿ, ಅಡ್ಡ-ಉದ್ದ ಎರಡೂ ಗೆರೆಗಳನ್ನು ಓದಬಲ್ಲದ್ದು ನಡುವಿನ ಒಂದು ಬಿಂದು ಮಾತ್ರ. ಉಳಿದವು ಒಂದೇ ದಿಕ್ಕಿನ ಗೆರೆ ಓದುತ್ತವೆ. ಹಾಗಾಗಿ ಕಂಬದ ಮೇಲೆ ಅಂಚಿನ ಬಿಂದು ಇಟ್ಟಾಗ ಲೆನ್ಸ್ ಅತ್ತಿಂದಿತ್ತ ಗುರುಗುಟ್ಟಿ ಸುಮ್ಮನಾಗುತ್ತದೆ. ನಡುವಿನ ಬಿಂದುವನ್ನು ಬಳಸಿ, ಅಥವಾ ಕ್ಯಾಮೆರಾವನ್ನು ತುಸು ವಾಲಿಸಿ ಫೋಕಸ್ ಹಿಡಿಸಿ, ಬಟನ್ನನ್ನು ಅರ್ಧ ಒತ್ತಿಕೊಂಡೇ ನೇರ ಮಾಡಿ. ಬಾಗಿಲಿನ ಬೆಳಕು ಕಂಬದ ಮೈಗೆ ತಾಗುವ ಅಂಚನ್ನು ಗುರಿಯಾಗಿಸಿದರೆ ಇನ್ನೂ ಸುಲಭ. ಬೇಲೂರು, ಹಳೇಬೀಡಿನಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕೆಂಬುದು ನೆನಪಿರಲಿ.

ನಾವೇ ಮಾಡಬಹುದಾದ ರಿಪೇರಿ, ಮಾಡಬಾರದ್ದು

ಲೆನ್ಸ್ ಬಿಚ್ಚಿ ಅದರ ಹಿಂಬದಿಯ ಹೊಂಬಣ್ಣದ ಚುಕ್ಕೆಗಳನ್ನು ನೋಡಿ. ಲೆನ್ಸೂ ಬಾಡಿಯೂ ಮಾತಾಡಿಕೊಳ್ಳುವುದು ಇವುಗಳ ಮೂಲಕ. ಬೆವರು, ಎಣ್ಣೆಜಿಡ್ಡು ಕೂತಿದ್ದರೆ ಫೋಕಸ್ ನಡುನಡುವೆ ಸತ್ತುಹೋಗುತ್ತದೆ. ನಾರು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ತಾಗಿಸಿ ಒರೆಸಿ. ಬಾಡಿಯೊಳಗಿನ ದೂಳಿಗೆ ಕೈಯಲ್ಲಿ ಒತ್ತುವ ರಬ್ಬರ್ ಬ್ಲೋಯರ್ ಸಾಕು. ಬಾಯಿಂದ ಊದಬೇಡಿ, ಕನ್ನಡಿಗೆ ಬಟ್ಟೆ ಮುಟ್ಟಿಸಬೇಡಿ. ತೇರಿನ ದೂಳಿನಲ್ಲಿ ನಿಂತು ಲೆನ್ಸ್ ಬದಲಿಸುವ ಅಭ್ಯಾಸವನ್ನಂತೂ ಬಿಡಲೇಬೇಕು.

ಹೊಂದಾಣಿಕೆಯ ದೋಷಕ್ಕೆ ಕೆಲವು ಬಾಡಿಗಳಲ್ಲೇ ಮದ್ದಿದೆ. ಕ್ಯಾನನ್ನಿನಲ್ಲಿ ಎಎಫ್ ಮೈಕ್ರೊ ಅಡ್ಜಸ್ಟ್‌ಮೆಂಟ್, ನಿಕಾನಿನಲ್ಲಿ ಎಎಫ್ ಫೈನ್ ಟ್ಯೂನ್. ಎರಡರಲ್ಲೂ ಹಿಂದಕ್ಕೆ 20, ಮುಂದಕ್ಕೆ 20 ಮೆಟ್ಟಿಲು. ಐದೈದು ಮೆಟ್ಟಿಲು ಬದಲಿಸುತ್ತ ಅದೇ ಗೋಡೆಯ ಮುಂದೆ ಪರೀಕ್ಷಿಸಿ, ಸರಿಯಾದ ಕಡೆ ನಿಲ್ಲಿಸಿ. 70ಡಿ, 80ಡಿ, 5ಡಿ ಮಾರ್ಕ್ 3, ಡಿ7200, ಡಿ750ರಲ್ಲಿ ಈ ಸೌಲಭ್ಯವಿದೆ. 1500ಡಿ, 200ಡಿ, ಡಿ3500, ಡಿ5600ರಲ್ಲಿ ಇಲ್ಲ. ಇವನ್ನು ಸರ್ವಿಸ್ ಸೆಂಟರಿನವರೇ ಹೊಂದಿಸಬೇಕು. ಬಾಡಿ, ಲೆನ್ಸ್ ಎರಡನ್ನೂ ಒಟ್ಟಿಗೆ ಕೊಡಿ, ಜಾರಿದ ಫೋಟೊಗಳನ್ನೂ ಜೊತೆಗಿಡಿ. ಅಂದಾಜು ವೆಚ್ಚವನ್ನು ಬರೆಸಿಕೊಂಡ ಮೇಲೆಯೇ ಒಪ್ಪಿಗೆ ಕೊಡಿ.

ಇದು ಬಡವರ ಕ್ಯಾಮೆರಾದ ಕಾಯಿಲೆ ಎಂದುಕೊಳ್ಳಬೇಕಿಲ್ಲ. 2007ರಲ್ಲಿ ಬಂದ ಕ್ಯಾನನ್ 1ಡಿ ಮಾರ್ಕ್ 3, ಕ್ರೀಡಾ ಛಾಯಾಗ್ರಾಹಕರಿಗಾಗಿಯೇ ಮಾಡಿದ ದುಬಾರಿ ಬಾಡಿ, ಫೋಕಸ್ ತೊಂದರೆಗೇ ಸುದ್ದಿಯಾಯಿತು. ಕಂಪನಿ ಮೇಲೆ ಹೇಳಿದ ಆ ಪುಟ್ಟ ಕನ್ನಡಿಯ ಭಾಗವನ್ನು ಉಚಿತವಾಗಿ ಸರಿಪಡಿಸಿಕೊಟ್ಟಿತು.

ಮಳೆಗಾಲದಲ್ಲಿ ಬೇಲೂರು ಕಡೆಯ ಥಂಡಿಗೆ ಲೆನ್ಸಿನೊಳಗೆ ಫಂಗಸ್ ಬರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಜೇಡರ ಬಲೆಯಂತೆ ಕಾಣುತ್ತದೆ. ಅಂಚಿನಲ್ಲಿ ಚೂರಿದ್ದರೆ ಚಿಂತೆಯಿಲ್ಲ, ನಡುವೆ ಹರಡಿದ್ದರೆ ಚಿತ್ರ ಪೇಲವವಾಗಿ ಫೋಕಸ್ಸೂ ತಡವರಿಸುತ್ತದೆ. ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ತುರುಕಬೇಡಿ; ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, 40ರಿಂದ 50 ಶೇಕಡ ತೇವಾಂಶ. ಕಿಟ್ ಲೆನ್ಸಿನ ಮೋಟಾರು ಹೋಗಿದ್ದರೆ ನನ್ನ ಲೆಕ್ಕ ಸರಳ: ರಿಪೇರಿ ಖರ್ಚು ಅದೇ ಲೆನ್ಸಿನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ಮಾಡಿಸಬೇಡಿ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ 50 ಎಂಎಂ ಎಫ್1.8 ತೆಗೆದುಕೊಳ್ಳಿ. ಒಳಹೋಗುವ ಬೆಳಕು ಹೆಚ್ಚಾದರೆ ಹಳೆ ಬಾಡಿಯ ಫೋಕಸ್ಸೂ ಚುರುಕಾಗುತ್ತದೆ.

ಯಾವಾಗ ಹೊಸದೇ ಬೇಕು?

ಕೆಲಸವೇ ಕತ್ತಲಲ್ಲಿ, ಅಲುಗುವ ಜನರ ನಡುವೆ ಇದ್ದರೆ. ಕ್ಯಾನನ್ 1500ಡಿ ಫೋಕಸ್ ಹಿಡಿಯಬಲ್ಲ ಬೆಳಕಿನ ಕೆಳಮಿತಿ 0 ಇವಿ. ಡಿ750ರದು ಮೈನಸ್ 3. 2020ರ ಮಿರರ್‌ಲೆಸ್ ಕ್ಯಾನನ್ ಆರ್6ರದು, ಎಫ್1.2 ಲೆನ್ಸ್ ಹಾಕಿದಾಗ, ಮೈನಸ್ 6.5. ಪ್ರತಿ ಒಂದು ಇವಿ ಇಳಿದಾಗ ಬೆಳಕು ಅರ್ಧವಾಗುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ಸುಮಾರು 90 ಪಟ್ಟು ಅಂತರ. ಮಿರರ್‌ಲೆಸ್‌ನಲ್ಲಿ ಫೋಕಸ್ ಅಳೆಯುವುದೂ ಚಿತ್ರ ಮೂಡುವುದೂ ಒಂದೇ ಸೆನ್ಸರಿನಲ್ಲಾದ್ದರಿಂದ ಮೇಲೆ ಹೇಳಿದ ಎರಡು ದಾರಿಯ ರಗಳೆ ಇಲ್ಲ. ಕಣ್ಣನ್ನು ತಾನೇ ಹುಡುಕಿ ಬೆನ್ನುಹತ್ತುತ್ತದೆ. ದಿಬ್ಬಣದ ಮುಂದೆ ಹಿಮ್ಮುಖವಾಗಿ ನಡೆಯುತ್ತ ಫೋಟೊ ತೆಗೆಯುವವರಿಗೆ ಇದರ ಬೆಲೆ ಗೊತ್ತು. ವಾರಕ್ಕೆರಡು ಮದುವೆ ಮಾಡುವವರು ಬದಲಾಯಿಸಲಿ. ವರ್ಷಕ್ಕೊಮ್ಮೆ ತೇರು, ಮಗುವಿನ ನಾಮಕರಣ, ಗುಡಿಯ ಗೋಡೆ ತೆಗೆಯುವವರಿಗೆ ನನ್ನ ಸಲಹೆ ಲೆನ್ಸೇ.

ಬದಲಾಯಿಸುವವರು ಹಳೆ ಲೆನ್ಸುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಕ್ಯಾನನ್ನಿನ ಇಎಫ್, ಇಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಮೂಲಕ ಆರ್ ಬಾಡಿಯಲ್ಲಿ ಫೋಕಸ್ ಸಹಿತ ನಡೆಯುತ್ತವೆ. ನಿಕಾನಿನ ಎಎಫ್-ಎಸ್ ಲೆನ್ಸುಗಳೂ ಎಫ್‌ಟಿಝಡ್ ಅಡಾಪ್ಟರಿನಲ್ಲಿ ನಡೆಯುತ್ತವೆ. ಆದರೆ ಸ್ವಂತ ಮೋಟಾರಿಲ್ಲದ ಹಳೆ ಎಎಫ್-ಡಿ ಲೆನ್ಸುಗಳನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ. ಮಿರರ್‌ಲೆಸ್ ಬ್ಯಾಟರಿಯನ್ನು ಬೇಗ ಕುಡಿಯುವುದರಿಂದ ಹೆಚ್ಚುವರಿ ಎರಡು ಬೇಕೇ ಬೇಕು. ಪೂಜೆಯ ಹೊತ್ತಿಗೆ ಸದ್ದಿಲ್ಲದ ಶಟರ್ ವರವಾದರೂ ಎಲ್‌ಇಡಿ ದೀಪದಡಿ ಅದು ಚಿತ್ರಕ್ಕೆ ಪಟ್ಟೆ ಎಳೆಯಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ನಿಮ್ಮ ಮೆಮೊರಿ ಕಾರ್ಡ್ ಒಯ್ಯಿರಿ. ಅಂಗಡಿಯೊಳಗಿನ ಮಬ್ಬು ಮೂಲೆಗೊಮ್ಮೆ, ಬೀದಿಯಲ್ಲಿ ಬರುವ ಬೈಕಿಗೊಮ್ಮೆ ಫೋಕಸ್ ಹಿಡಿಸಿ, ಕಾರ್ಡನ್ನು ಮನೆಗೆ ತಂದು ಹಿಗ್ಗಿಸಿ ನೋಡಿ. ಶಟರ್ ಎಣಿಕೆ ಕೇಳಿ. ಡಿ750, 5ಡಿ ಮಾರ್ಕ್ 3ಕ್ಕೆ ಕಂಪನಿ ಹೇಳಿದ ಆಯುಸ್ಸು 1,50,000. ದುಡ್ಡು ಕೊಡುವುದು ಮಾರನೆಯ ದಿನ.