ಕಡಲಿನ ಮೇಲೆ ಶಬ್ದಸಂಕೇತ

ಕಾಪುವಿನ ದೀಪಸ್ತಂಭವು 1901ರಿಂದ ಕಡಲಿಗರಿಗೆ ದಾರಿ ತೋರುತ್ತಿದೆ. ಆದರೆ ಮುಂಗಾರುಮಳೆ ದಟ್ಟವಾಗಿ ಸುರಿಯುವಾಗ ಬೆಳಕು ಬಹುದೂರ ಸಾಗಲಾರದು. ಆಗ ಮಲ್ಪೆ, ಕಾಪುಗಳ ನಾಡದೋಣಿಗಳು ಶಬ್ದವನ್ನು ಆಶ್ರಯಿಸಬೇಕಾಗುತ್ತದೆ.

ನಾವೆಗಳ ಡಿಕ್ಕಿಯನ್ನು ತಡೆಯಲು 1972ರಲ್ಲಿ ರಚಿತವಾದ ಅಂತಾರಾಷ್ಟ್ರೀಯ ನಿಯಮಗಳಂತೆ, ಕಣ್ಣಿಗೆ ದಾರಿ ಕಾಣದಾಗ ಮೀನು ಹಿಡಿಯುತ್ತಿರುವ ನಾವೆಯು 2 ನಿಮಿಷಕ್ಕೊಮ್ಮೆಯಾದರೂ ಒಂದು ದೀರ್ಘ, ಎರಡು ಹ್ರಸ್ವ ಧ್ವನಿಗಳನ್ನು ಹೊರಡಿಸಬೇಕು. ದೀರ್ಘವೆಂದರೆ 4ರಿಂದ 6 ಸೆಕೆಂಡು. ಹ್ರಸ್ವವೆಂದರೆ ಸುಮಾರು 1 ಸೆಕೆಂಡು. 12 ಮೀಟರಿಗಿಂತ ಚಿಕ್ಕ ದೋಣಿಗೆ ಈ ಕ್ರಮ ಕಡ್ಡಾಯವಲ್ಲ. ಆದರೂ ಚೆನ್ನಾಗಿ ಕೇಳಿಸುವ ಬೇರೊಂದು ಸದ್ದನ್ನು ಅಷ್ಟೇ ಅವಧಿಯೊಳಗೆ ಮಾಡುತ್ತಿರಲೇಬೇಕು.

ಹಡಗಿನ ಕಹಳೆ ನಮಗೆ ಕೇಳಿಸಿದರೆ ನಮ್ಮ ಕಹಳೆಯೂ ಹಡಗಿಗೆ ಕೇಳಿಸೀತೆ? ಹಾಗೆಂದು ನಂಬಲಾಗದು. ನೀರಿಗೆ ತಾಗಿದ ಗಾಳಿಯ ವೇಗ ಕಡಮೆ, ಮೇಲಿನ ಗಾಳಿಯದು ಹೆಚ್ಚು. ಗಾಳಿಯೊಡನೆ ಬರುವ ಶಬ್ದತರಂಗದ ಮೇಲ್ಭಾಗವು ಮುಂದೆ ಸಾಗಿ, ತರಂಗವು ಕೆಳಕ್ಕೆ ಬಾಗುತ್ತದೆ; ಆದುದರಿಂದ ದೂರಕ್ಕೂ ಕೇಳಿಸುತ್ತದೆ. ಗಾಳಿಗೆ ಎದುರಾದ ತರಂಗದ ಮೇಲ್ಭಾಗವಾದರೋ ಹಿಂದೆ ಉಳಿಯುತ್ತದೆ. ತರಂಗವು ಮೇಲಕ್ಕೆ ಬಾಗಿ, ಕೇಳುವವರ ತಲೆಯ ಮೇಲೆ ಹಾದುಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಮುಂಗಾರಿನ ಗಾಳಿ ಪಡುವಣ ಕಡಲಿನಿಂದಲೇ ಬೀಸುತ್ತದೆ. ಪಡುವಣದಲ್ಲಿರುವ ಹಡಗಿನ ಕಹಳೆಯನ್ನು ಗಾಳಿಯೇ ದೋಣಿಗೆ ತಂದು ಮುಟ್ಟಿಸುತ್ತದೆ. ದೋಣಿಯ ಕಹಳೆಯು ಹಡಗನ್ನು ಮುಟ್ಟದೆ ಹೋಗಬಹುದು. ಹಡಗಿನಲ್ಲಿರುವವರಿಗೆ ದೋಣಿಯ ಸುಳಿವೇ ಇರದು.

ಆದುದರಿಂದ ಕಹಳೆಯನ್ನು ಆದಷ್ಟು ಎತ್ತರದಿಂದ ಊದುವುದು, ಆಗಾಗ ಎಂಜಿನ್ನಿನ ಸದ್ದನ್ನು ತಗ್ಗಿಸಿ ಕಿವಿಗೊಡುವುದು, ಹಡಗು ನಮ್ಮನ್ನು ಅರಿತಿಲ್ಲವೆಂದೇ ತಿಳಿದು ಎಚ್ಚರದಿಂದ ದೋಣಿ ನಡೆಸುವುದು ಕ್ಷೇಮಕರ.