ಸಹಿಗೆ ಮೊದಲು ಲೆಕ್ಕ

ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲಿ ದುಡಿಯುವವರಿರಲಿ, ಹುಬ್ಬಳ್ಳಿ-ಧಾರವಾಡ ನಡುವೆ ದಿನಾ ಓಡಾಡುವವರಿರಲಿ, ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ಕೇಳದೇ ಸೇರಿಕೊಂಡ ವಿಮೆಯ ಕಂತು ಕಂಡು ದೂರು ಕೊಟ್ಟಿದ್ದೀರಿ ಅನ್ನಿ. ಈಗ ಬ್ಯಾಂಕಿನಿಂದ ಫೋನು: “ಇಷ್ಟು ವಾಪಸ್ ಕೊಡ್ತೀವ್ರಿ, ಇಲ್ಲಿಗೇ ಮುಗಿಸೋಣು.” ಒಪ್ಪಬೇಕೋ, ಬೇಡವೋ?

ಹಳೆಯ ಸ್ಟೇಟ್‌ಮೆಂಟುಗಳನ್ನೆಲ್ಲ ತೆಗೆದು ಕೂಡಿಸಿ: ಕಂತು, ಅದರ ಜಿಎಸ್‌ಟಿ, ಆ ಮೊತ್ತ ಬಾಕಿ ಉಳಿದು ಬೆಳೆದ ಬಡ್ಡಿ, ತಡಪಾವತಿ ಶುಲ್ಕ. ಬಹಳ ಮಂದಿ ಕಂತನ್ನಷ್ಟೇ ಎಣಿಸುತ್ತಾರೆ. ಬ್ಯಾಂಕಿಗೂ ಅದೇ ಅನುಕೂಲ. ಕೊಡುವ ಹಣ ಒಟ್ಟು ಮೊತ್ತದ ಹತ್ತಿರ ಬಂದರೆ ಒಪ್ಪಿಬಿಡಿ, ಹಟಕ್ಕೆ ಬೀಳಬೇಡಿ. ಅರ್ಧಕ್ಕೆ ಕರೆದರೆ ಮಾತನ್ನು ಬರಹದಲ್ಲಿ ಕೇಳಿ. ‘ಪೂರ್ಣ ಮತ್ತು ಅಂತಿಮ’ ಎಂಬ ಸಾಲಿನ ಕೆಳಗೆ ಸಹಿ ಬೇಡ. ಮೋಸದಿಂದಲೋ ಒತ್ತಡದಿಂದಲೋ ಬರೆಸಿಕೊಂಡ ಅಂಥ ರಸೀದಿ ವಿಮಾ ಗ್ರಾಹಕನ ಉಳಿದ ಹಕ್ಕನ್ನು ಕಸಿಯದೆಂದು ಸುಪ್ರೀಂ ಕೋರ್ಟು 1999ರಲ್ಲಿ ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ, ನಿಜ. ಆದರೆ ಒತ್ತಡವಿತ್ತೆಂದು ರುಜುವಾತು ಮಾಡುವ ಹೊರೆ ನಿಮ್ಮದೇ.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು, ಮಾಹಿತಿಗೆ 14448. ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲೂ ನೀವು ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಒಂದೇ ದೂರನ್ನು ಎರಡೂ ಕಡೆ ಒಟ್ಟಿಗೆ ಒಯ್ಯುವಂತಿಲ್ಲ. ಆಯೋಗಕ್ಕೆ ಹೋಗಲು ಇರುವುದು 2 ವರ್ಷ. ಬ್ಯಾಂಕಿನ ಜೊತೆ ಮಾತುಕತೆ ನಡೆದಿದೆ ಎಂದಮಾತ್ರಕ್ಕೆ ಆ ಗಡುವು ಮುಂದೆ ಹೋಗುವುದಿಲ್ಲ.