ಮುಂದಕ್ಕೆ ಚಾಚಿದ ಕಣ್ಣು ಮತ್ತು ಮೆದುಳಿನ ಗೆಡ್ಡೆ

ಇಂದ್ರಿಯಗಳಲ್ಲೆಲ್ಲ ಕಣ್ಣೇ ಮೇಲೆಂದು ಹಿರಿಯರು ಎಣಿಸಿದ್ದಾರೆ. ಅದು ನೋಡುವ ಸಾಧನ ಮಾತ್ರವಲ್ಲ. ತಲೆಬುರುಡೆಯೊಳಗಿನ ವ್ಯಾಧಿಯನ್ನು ಕೆಲವೊಮ್ಮೆ ಹೊರಗೆ ತೋರಿಸುವ ಸೂಚಕವೂ ಹೌದು. ಒಂದು ಕಣ್ಣು ನಿಧಾನವಾಗಿ ಮುಂದಕ್ಕೆ ಚಾಚಿಕೊಳ್ಳುವುದು ಅಂತಹ ಸೂಚನೆಗಳಲ್ಲೊಂದು.

ಕಾರಣಗಳು

ಕಣ್ಣುಗುಡ್ಡೆಯು ಮೂಳೆಯ ಗೂಡಿನಲ್ಲಿದೆ. ಈ ಗೂಡು ಮುಂದುಗಡೆ ಮಾತ್ರ ಅಗಲವಾಗಿ ತೆರೆದಿರುವುದರಿಂದ, ಹಿಂದೆ ಬೆಳೆದ ಗೆಡ್ಡೆಯು ಗುಡ್ಡೆಯನ್ನು ಮುಂದಕ್ಕೆ ತಳ್ಳುತ್ತದೆ. ಗೂಡಿನ ಹಿಂಭಾಗದಲ್ಲಿ ಚಿಟ್ಟೆಯಾಕಾರದ ಸ್ಫೀನಾಯ್ಡ್ ಮೂಳೆಯ ರೆಕ್ಕೆಯಿದೆ. ಅದರ ಆಚೆಗೆ ಮೆದುಳು. ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಗೆಡ್ಡೆಗೆ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ ಅವರು 1922ರಲ್ಲಿ ‘ಮೆನಿಂಜಿಯೋಮ’ ಎಂದು ಹೆಸರಿಟ್ಟರು. ಅದು ಈ ರೆಕ್ಕೆಯ ಬಳಿ ಬೆಳೆದಾಗ ಮೂಳೆಯೂ ದಪ್ಪವಾಗಿ ಕಣ್ಣನ್ನು ಒತ್ತುತ್ತದೆ. ಮಧ್ಯವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚಾಗಿ ಕಾಣುವ ಈ ಗೆಡ್ಡೆಯು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ; ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುತ್ತದೆ. ನೋವಿಲ್ಲದ ಕಾರಣದಿಂದಲೇ ರೋಗಿಯು ವೈದ್ಯರಲ್ಲಿಗೆ ತಡವಾಗಿ ಹೋಗುವುದುಂಟು.

ಕಣ್ಣು ಚಾಚಿದೊಡನೆ ಮೆದುಳಿನ ಗೆಡ್ಡೆಯೆಂದು ಹೆದರಬೇಕಾಗಿಲ್ಲ. ವಯಸ್ಕರಲ್ಲಿ ಇದಕ್ಕೆ ಅತಿ ಸಾಮಾನ್ಯ ಕಾರಣ ಥೈರಾಯ್ಡ್ ಗ್ರಂಥಿಗೆ ಸಂಬಂಧಿಸಿದ ರೋಗ. ಅದು ಒಂದೇ ಕಣ್ಣಿನಲ್ಲಿ ತೋರುವುದೂ ಉಂಟು. ಮಕ್ಕಳಲ್ಲಿ ದೃಷ್ಟಿನರದ ಗೆಡ್ಡೆಯೂ ಕಾರಣವಾಗಬಹುದು. ಜ್ವರ, ನೋವು, ಕೆಂಪು ಕೂಡಿಕೊಂಡು ಕೆಲವೇ ದಿನಗಳಲ್ಲಿ ಕಣ್ಣು ಚಾಚಿದರೆ ಅದು ಸೋಂಕಿರಬಹುದು. ಒಡನೆ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆಯ ಕ್ರಮ

ವೈದ್ಯರು ರೋಗಿಯನ್ನು ಕೂರಿಸಿ, ಹಿಂದೆ ನಿಂತು, ಹುಬ್ಬುಗಳ ಮೇಲಿನಿಂದ ಎರಡೂ ಕಣ್ಣುಗಳನ್ನು ಹೋಲಿಸಿ ನೋಡುತ್ತಾರೆ. ಬಳಿಕ ಹರ್ಟೆಲ್ ಮಾಪಕದಿಂದ ಅಳೆಯುತ್ತಾರೆ. ಎರಡು ಕಣ್ಣುಗಳ ನಡುವೆ 2 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣವನ್ನು ಹುಡುಕಲೇಬೇಕು. ಹಳೆಯ ಭಾವಚಿತ್ರಗಳನ್ನು ಒಯ್ದರೆ ಬದಲಾವಣೆ ಯಾವಾಗ ಆರಂಭವಾಯಿತೆಂಬುದು ತಿಳಿಯುತ್ತದೆ.

ಅನಂತರ ದೃಷ್ಟಿಯ ಪರೀಕ್ಷೆ. ಕೆಂಪು ಬಣ್ಣವು ಆ ಕಣ್ಣಿಗೆ ಮಾಸಿದಂತೆ ಕಂಡರೆ ದೃಷ್ಟಿನರವು ನಲುಗಿರಬಹುದು. ಬೆಳಕಿಗೆ ಪಾಪೆ ಕಿರಿದಾಗುವ ಬಗೆ, ನೋಟದ ವಿಸ್ತಾರ, ಕಣ್ಣಿನ ಚಲನೆ, ಕಣ್ಣೊಳಗಿನ ನರದ ತುದಿಯ ಊತ ಅಥವಾ ಬಿಳಿಚುವಿಕೆ—ಇವೆಲ್ಲವನ್ನೂ ನೋಡಲಾಗುತ್ತದೆ. ಥೈರಾಯ್ಡ್ ರಕ್ತಪರೀಕ್ಷೆಯೂ ಅಗತ್ಯ.

ಕೊನೆಯದು ಒಳಗಿನ ಚಿತ್ರ. ಮೊದಲ ರೋಗಿಯ ಮೆದುಳಿನ ಸಿ.ಟಿ. ಚಿತ್ರವನ್ನು ಲಂಡನ್ನಿನಲ್ಲಿ 1971ರಲ್ಲಿ ತೆಗೆಯಲಾಯಿತು. ಅದಕ್ಕೆ ಮುಂಚೆ ಎಕ್ಸ್-ರೇ ನೆರಳುಗಳಿಂದಲೇ ಬಹುಪಾಲು ಊಹಿಸಬೇಕಾಗಿತ್ತು. ಇಂದು ಸಿ.ಟಿ.ಯು ಮೂಳೆಯ ದಪ್ಪವನ್ನೂ ಎಂ.ಆರ್.ಐ. ಗೆಡ್ಡೆಯ ಹರವನ್ನೂ ತೋರಿಸುತ್ತವೆ.

ಬಹುಕಾಲ ಒತ್ತಡಕ್ಕೆ ಸಿಕ್ಕಿ ಸೊರಗಿದ ದೃಷ್ಟಿನರವು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ದಿನವೂ ಜೊತೆಯಲ್ಲಿರುವವರಿಗೆ ಮುಖದ ಈ ಮೆಲ್ಲನೆಯ ಬದಲಾವಣೆ ತಿಳಿಯದೆ ಹೋಗುತ್ತದೆ; ವರ್ಷಕ್ಕೊಮ್ಮೆ ಊರಿನಿಂದ ಬರುವ ಬಂಧುವಿನ ಕಣ್ಣಿಗೆ ಅದು ಬೀಳುತ್ತದೆ. “ಇದೇನಮ್ಮಾ, ಒಂದು ಕಣ್ಣು ದೊಡ್ಡದಾಗಿದೆಯಲ್ಲ?” ಎಂದು ಅವರು ಕೇಳಿದಾಗ ನಕ್ಕು ಸುಮ್ಮನಾಗದೆ ನೇತ್ರವೈದ್ಯರನ್ನು ಕಾಣುವುದು ಲೇಸು.